ಸದನದಲ್ಲಿ ಸರ್ಕಾರದ ಖರ್ಚು ಮತ್ತು ಖಾಲಿ ಹುದ್ದೆಗಳ ಪ್ರಶ್ನೆ: ಓದುಗರು ಪದೇ ಪದೇ ಕೇಳುವುದು

ವಿಧಾನಮಂಡಲದ ಅಧಿವೇಶನ ಶುರುವಾದ ಕೂಡಲೇ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ನೇಮಕಾತಿ ಅಧಿಸೂಚನೆಗಾಗಿ ಕಾಯುತ್ತಿರುವ ಪದವೀಧರರು, ಗ್ರಾಮ ಪಂಚಾಯಿತಿ ಸದಸ್ಯರು, ನಿವೃತ್ತ ನೌಕರರು, ಪತ್ರಿಕೋದ್ಯಮದ ವಿದ್ಯಾರ್ಥಿಗಳು ಪತ್ರ ಬರೆದು, ಎದುರು ಸಿಕ್ಕಾಗ ನಿಲ್ಲಿಸಿ ಕೇಳಿದವುಗಳನ್ನು ಅವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಲಾಗಿದೆ. ಇಲ್ಲಿರುವುದು ಮುಖ್ಯವಾಗಿ ಕರ್ನಾಟಕದ ವಿಚಾರ. ಸಂಸತ್ತಿನ ಸಂಗತಿಗಳು ಅಗತ್ಯ ಬಿದ್ದಲ್ಲಿ ಮಾತ್ರ ಬಂದಿವೆ.

ಮೂಲ ಸಂಗತಿಗಳು

ಲೆಕ್ಕವೆಲ್ಲ ಕಡತದಲ್ಲಿ ಇದ್ದೇ ಇರುತ್ತದೆ. ಮತ್ತೆ ಶಾಸಕರು ಸದನದಲ್ಲಿ ಎದ್ದು ನಿಂತು ಕೇಳುವುದು ಯಾಕೆ?

ಕಡತ ಇಲಾಖೆಯ ಕಪಾಟಿನಲ್ಲಿರುತ್ತದೆ. ಸದನಕ್ಕೆ ಕೊಟ್ಟ ಉತ್ತರ ಸಚಿವರ ಸಹಿಯೊಂದಿಗೆ ಹೊರಗೆ ಬಂದು, ಯಾರು ಬೇಕಾದರೂ ಓದಬಹುದಾದ ದಾಖಲೆಯಾಗುತ್ತದೆ. ಸಂವಿಧಾನದ 164(2)ನೇ ವಿಧಿಯ ಪ್ರಕಾರ ರಾಜ್ಯದ ಮಂತ್ರಿಮಂಡಲವು ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆಯಾಗಿರುತ್ತದೆ. ಕೇಂದ್ರದಲ್ಲಿ 75(3)ನೇ ವಿಧಿಯಂತೆ ಲೋಕಸಭೆಗೆ. ಅವಿಶ್ವಾಸ ನಿರ್ಣಯ ಅಪರೂಪಕ್ಕೆ ಬರುವಂಥದ್ದು. ಈ ಹೊಣೆಗಾರಿಕೆ ಅಧಿವೇಶನದ ಪ್ರತಿದಿನವೂ ಕಣ್ಣಿಗೆ ಕಾಣುವುದು ಪ್ರಶ್ನೋತ್ತರದಲ್ಲಿ. 2025-26ನೇ ಸಾಲಿನ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಇಷ್ಟು ಹಣವನ್ನು ಖರ್ಚು ಮಾಡುವವರ ಎದುರು ಕುಳಿತು, ಹೆಸರು ಹಿಡಿದು ಲೆಕ್ಕ ಕೇಳುವ ಅಧಿಕಾರ ಇರುವುದು ನಾವು ಆರಿಸಿ ಕಳಿಸಿದ 224 ಶಾಸಕರಿಗೆ ಮತ್ತು ಮೇಲ್ಮನೆಯ 75 ಸದಸ್ಯರಿಗೆ.

ಇನ್ನೊಂದು ಪ್ರಯೋಜನವೂ ಇದೆ. ಸರ್ಕಾರಿ ಕಚೇರಿಗಳಲ್ಲಿ ಎಲ್‌ಎಕ್ಯೂ ಎಂದು ಕರೆಯುವ ವಿಧಾನಸಭಾ ಪ್ರಶ್ನೆ ಬಂತೆಂದರೆ ಇಲಾಖೆಯು ಜಿಲ್ಲೆಗೆ, ಜಿಲ್ಲೆಯು ತಾಲ್ಲೂಕಿಗೆ ಜರೂರು ಪತ್ರ ಬರೆದು ಅಂಕಿಅಂಶ ತರಿಸಿಕೊಳ್ಳುತ್ತದೆ. ಅದುವರೆಗೆ ಒಂದೆಡೆ ಸೇರಿರದಿದ್ದ ಮಾಹಿತಿ ಎಷ್ಟೋ ಸಲ ಆ ಒಂದು ಪ್ರಶ್ನೆಯ ಕಾರಣದಿಂದಲೇ ಮೊದಲ ಬಾರಿಗೆ ಒಂದು ಪಟ್ಟಿಯಾಗಿ ರೂಪುಗೊಳ್ಳುತ್ತದೆ.

ಚುಕ್ಕೆ ಗುರುತಿನ ಪ್ರಶ್ನೆ ಅಂದರೇನು? ಚುಕ್ಕೆ ಇಲ್ಲದ್ದಕ್ಕೆ ಬೆಲೆ ಕಡಿಮೆಯೇ?

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕು, ಅದರ ಬೆನ್ನಿಗೆ ಸದಸ್ಯರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ, ಉಪಪ್ರಶ್ನೆ ಇರುವುದಿಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಮತ್ತು 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಯಲ್ಲಿರುತ್ತವೆ. ಯಾರದು ಮೊದಲು ಎಂಬುದು ಚೀಟಿ ಎತ್ತುವ ಮೂಲಕ ತೀರ್ಮಾನವಾಗುತ್ತದೆ.

ಟಿವಿಯಲ್ಲಿ ಕಾಣುವುದು ಮೊದಲ ಬಗೆಯದು. ಆದರೆ ಖರ್ಚು ಮತ್ತು ಹುದ್ದೆಗಳ ವಿಷಯದಲ್ಲಿ ಎರಡನೆಯದೇ ಹೆಚ್ಚು ಉಪಯುಕ್ತ ಎಂಬುದು ನಮ್ಮ ಅನುಭವ. ತಾಲ್ಲೂಕುವಾರು ಪಟ್ಟಿ, ಐದು ವರ್ಷದ ವೆಚ್ಚದ ಕೋಷ್ಟಕ, ಗುತ್ತಿಗೆದಾರರ ವಿವರ ಮುಂತಾದವನ್ನು ಯಾವ ಸಚಿವರೂ ಬಾಯಿಯಲ್ಲಿ ಹೇಳಲಾರರು. ಅವು ಲಿಖಿತ ಉತ್ತರದ ಅನುಬಂಧದಲ್ಲಿ ಬರುತ್ತವೆ.

ಶೂನ್ಯವೇಳೆ, ಗಮನ ಸೆಳೆಯುವ ಸೂಚನೆ, ನಿಲುವಳಿ ಸೂಚನೆ... ಇವೆಲ್ಲ ಒಂದೇ ಅಲ್ಲವೇ?

ಒಂದೇ ಅಲ್ಲ. ಪ್ರಶ್ನೆಗೆ ಮುಂಚಿತ ಸೂಚನೆ ಬೇಕು. ಲೋಕಸಭೆಯಲ್ಲಿ ಕನಿಷ್ಠ 15 ದಿನ. ತುರ್ತಾದ ವಿಷಯವಿದ್ದರೆ ಸಚಿವರು ಒಪ್ಪಿದ ಪಕ್ಷದಲ್ಲಿ ಅಲ್ಪಾವಧಿ ಸೂಚನೆಯ ಪ್ರಶ್ನೆ ಕೇಳಬಹುದು. ಶೂನ್ಯವೇಳೆಯಲ್ಲಿ ವಿಷಯವನ್ನು ಪ್ರಸ್ತಾಪಿಸಬಹುದು, ಆದರೆ ಅಂಕಿಅಂಶ ಸಹಿತ ಉತ್ತರವನ್ನು ಸಾಮಾನ್ಯವಾಗಿ ನಿರೀಕ್ಷಿಸುವಂತಿಲ್ಲ. ಗಮನ ಸೆಳೆಯುವ ಸೂಚನೆಯಲ್ಲಿ ಸಚಿವರು ಹೇಳಿಕೆ ನೀಡುತ್ತಾರೆ. ನಿಲುವಳಿ ಸೂಚನೆ ಎಂದರೆ ದಿನದ ಕಲಾಪವನ್ನೇ ಬದಿಗಿಟ್ಟು ಒಂದು ತುರ್ತು ವಿಷಯವನ್ನು ಚರ್ಚಿಸಿರೆಂಬ ಕೋರಿಕೆ. ಉತ್ತರದಿಂದ ತೃಪ್ತರಾಗದ ಸದಸ್ಯರು ಅದೇ ವಿಷಯದ ಮೇಲೆ ಅರ್ಧ ಗಂಟೆಯ ಚರ್ಚೆಯನ್ನೂ ಕೇಳಬಹುದು.

ಆಡಳಿತ ಪಕ್ಷದ ಶಾಸಕರು ತಮ್ಮದೇ ಸರ್ಕಾರವನ್ನು ಪ್ರಶ್ನಿಸಬಹುದೇ?

ಖಂಡಿತ ಪ್ರಶ್ನಿಸಬಹುದು. ಸಚಿವರಲ್ಲದ ಎಲ್ಲ ಸದಸ್ಯರಿಗೂ ಈ ಹಕ್ಕಿದೆ. ಇದಕ್ಕೆ ಅತ್ಯುತ್ತಮ ಉದಾಹರಣೆ 1957ರದು. ಆಗಷ್ಟೇ ರಾಷ್ಟ್ರೀಕರಣಗೊಂಡಿದ್ದ ಜೀವ ವಿಮಾ ನಿಗಮವು ಉದ್ಯಮಿ ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗೆ ಖರೀದಿಸಿದ್ದನ್ನು ಲೋಕಸಭೆಯಲ್ಲಿ ಪ್ರಶ್ನಿಸಿದವರು ರಾಮ್ ಸುಭಗ್ ಸಿಂಗ್ ಮತ್ತು ಫಿರೋಜ್ ಗಾಂಧಿ. ಇಬ್ಬರೂ ಆಡಳಿತಾರೂಢ ಕಾಂಗ್ರೆಸ್ಸಿನವರು. ಫಿರೋಜ್ ಗಾಂಧಿಯವರಂತೂ ಪ್ರಧಾನಿ ನೆಹರೂ ಅವರ ಅಳಿಯ. ಕೊಟ್ಟ ಉತ್ತರಗಳು ಒಂದಕ್ಕೊಂದು ಕೂಡಿಬರಲಿಲ್ಲ. ವಿಷಯವು ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣೆಯವರೆಗೆ ಹೋಗಿ, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ನೀಡಬೇಕಾಯಿತು. ಸಾರ್ವಜನಿಕ ಹಣದ ಬಗೆಗಿನ ಒಂದು ಪ್ರಶ್ನೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ನಿದರ್ಶನ ನಮ್ಮ ಸಂಸದೀಯ ಇತಿಹಾಸದಲ್ಲಿ ಸಿಗುವುದು ಕಷ್ಟ.

ಈ ಹಕ್ಕು ಸ್ವಾತಂತ್ರ್ಯದ ನಂತರ ಬಂದದ್ದೇ?

ಅದಕ್ಕೂ ಹಿಂದಿನದು. ಬ್ರಿಟಿಷ್ ಭಾರತದಲ್ಲಿ 1892ರ ಭಾರತೀಯ ಪರಿಷತ್ತುಗಳ ಕಾಯ್ದೆ ಸದಸ್ಯರಿಗೆ ಪ್ರಶ್ನೆ ಕೇಳಲು, ಬಜೆಟ್ಟನ್ನು ಚರ್ಚಿಸಲು ಅವಕಾಶ ಕೊಟ್ಟಿತು. ಉಪಪ್ರಶ್ನೆಯ ಅವಕಾಶ ದೊರೆತದ್ದು 1909ರಲ್ಲಿ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ್ದರು. ಅದಕ್ಕೆ ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರ ಇರಲಿಲ್ಲವಾದರೂ, ಆಳುವವರ ಮುಂದೆ ಜನರ ಅಹವಾಲನ್ನು ಹೇಳುವ ರೂಢಿ ಈ ನಾಡಿನಲ್ಲಿ ಅಷ್ಟು ಹಳೆಯದು. ಶಾಸನ ಪರಿಷತ್ತು 1907ರಲ್ಲಿ ಬಂತು.

ಶಾಸಕರು ಏನು ಬೇಕಾದರೂ ಕೇಳಬಹುದೇ?

ಇಲ್ಲ. ಪ್ರಶ್ನೆಯನ್ನು ಅಂಗೀಕರಿಸುವ ಅಧಿಕಾರ ವಿಧಾನಸಭೆಯಲ್ಲಿ ಸಭಾಧ್ಯಕ್ಷರದು, ಪರಿಷತ್ತಿನಲ್ಲಿ ಸಭಾಪತಿಯವರದು. ನ್ಯಾಯಾಲಯದ ಮುಂದಿರುವ ವಿಷಯ, ಕಾಲ್ಪನಿಕ ಸಂದರ್ಭ, ಸಚಿವರ ಸ್ವಂತ ಅಭಿಪ್ರಾಯ, ಸರ್ಕಾರದ ವ್ಯಾಪ್ತಿಗೆ ಬಾರದ ಸಂಗತಿ ಇವು ನಿಯಮದಂತೆ ಪ್ರಶ್ನೆಯಾಗುವುದಿಲ್ಲ. ಲೋಕಸಭೆಯ ನಿಯಮಗಳಲ್ಲಿ 150 ಪದಗಳ ಮಿತಿಯೂ ಇದೆ. ಕೇಂದ್ರ ಸರ್ಕಾರದ ರೈಲ್ವೆ ನೇಮಕಾತಿ ಕುರಿತು ರಾಜ್ಯದ ಸಚಿವರನ್ನು ಕೇಳಿ ಫಲವಿಲ್ಲ. ಅದನ್ನು ಸಂಸದರೇ ಕೇಳಬೇಕು.

ಖರ್ಚಿನ ಲೆಕ್ಕ

ಬಜೆಟ್ಟಿನಲ್ಲಿ ಹಣ ಇಟ್ಟಿದ್ದೇವೆ ಎನ್ನುತ್ತಾರೆ, ನಮ್ಮೂರಿಗೆ ಮಾತ್ರ ಬರುವುದಿಲ್ಲ. ನಡುವೆ ಎಲ್ಲಿ ನಿಲ್ಲುತ್ತದೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ತಿಳಿಯಬೇಕಾದರೆ ಒಂದೇ ಯೋಜನೆಗೆ ಕನಿಷ್ಠ ನಾಲ್ಕು ಬೇರೆ ಬೇರೆ ಮೊತ್ತಗಳಿರುತ್ತವೆ ಎಂಬುದನ್ನು ಗಮನಿಸಬೇಕು. ಬಜೆಟ್ ಮಂಡಿಸುವಾಗ ಹೇಳುವುದು ಆಯವ್ಯಯ ಅಂದಾಜು. ವರ್ಷ ಕಳೆಯುತ್ತಾ ವರಮಾನ ಮತ್ತು ಆದ್ಯತೆ ಬದಲಾದಂತೆ ಅದು ಪರಿಷ್ಕೃತ ಅಂದಾಜಾಗುತ್ತದೆ, ಮತ್ತು ಹಲವು ಯೋಜನೆಗಳಿಗೆ ಕತ್ತರಿ ಬೀಳುವುದು ಸದ್ದಿಲ್ಲದೆ ಈ ಹಂತದಲ್ಲೇ. ಆನಂತರ ಆರ್ಥಿಕ ಇಲಾಖೆ ಕಂತುಗಳಲ್ಲಿ ಬಿಡುಗಡೆ ಮಾಡುವ ಮೊತ್ತ ಬೇರೆ. ಬಿಡುಗಡೆಯಾದದ್ದರಲ್ಲಿ ನಿಜವಾಗಿ ಖರ್ಚಾದ ಮೊತ್ತ ಮತ್ತೂ ಬೇರೆ.

ಸಚಿವರು ಸದನದಲ್ಲಿ "ಇಷ್ಟು ಕೋಟಿ ಒದಗಿಸಲಾಗಿದೆ" ಎಂದರೆ ಸಾಮಾನ್ಯವಾಗಿ ಅದು ಮೊದಲನೆಯದು. ಊರಿನವರು ನೋಡುವುದು ಕೊನೆಯದನ್ನು. ಹೀಗಾಗಿ ಇಬ್ಬರೂ ನಿಜವನ್ನೇ ಹೇಳುತ್ತಿದ್ದರೂ ಮಾತು ಕೂಡುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ: ಇಲಾಖೆಯಿಂದ ನಿಗಮಕ್ಕೋ ಮಂಡಳಿಗೋ ಹಣ ವರ್ಗವಾದ ಕೂಡಲೇ ಖಜಾನೆಯ ಲೆಕ್ಕದಲ್ಲಿ ಅದು ವೆಚ್ಚವೆಂದು ದಾಖಲಾಗಬಹುದು, ಆದರೆ ಆ ನಿಗಮದ ಬ್ಯಾಂಕ್ ಖಾತೆಯಲ್ಲಿ ಅದು ತಿಂಗಳುಗಟ್ಟಲೆ ಹಾಗೇ ಕೂತಿರಬಹುದು. ಆದ್ದರಿಂದ ಕೇಳುವವರು ಹಂಚಿಕೆ, ಬಿಡುಗಡೆ, ವೆಚ್ಚ ಮೂರನ್ನೂ ಬೇರೆ ಬೇರೆ ಕಾಲಂಗಳಲ್ಲಿ ಕೇಳಬೇಕು. ಹಣ ನಿಗಮಕ್ಕೆ ಹೋಗಿದ್ದರೆ ಬಳಕೆ ಪ್ರಮಾಣಪತ್ರ ಬಂದಿದೆಯೇ ಎಂದೂ, ವರ್ಷಾಂತ್ಯಕ್ಕೆ ಖರ್ಚಾಗದೆ ಉಳಿದದ್ದೆಷ್ಟು ಎಂದೂ ಸೇರಿಸಬೇಕು. ಮಾರ್ಚ್ ತಿಂಗಳೊಂದರಲ್ಲೇ ಎಷ್ಟು ಖರ್ಚಾಯಿತು ಎಂಬ ಉಪಪ್ರಶ್ನೆ ಬಹಳಷ್ಟನ್ನು ಹೊರಗೆಳೆಯುತ್ತದೆ.

ಪರಿಶಿಷ್ಟ ಜಾತಿ ಮತ್ತು ಬುಡಕಟ್ಟು ಉಪಯೋಜನೆಯ ಹಣದ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅದಕ್ಕೆಂದೇ 2013ರ ಕಾಯ್ದೆ ಇದೆ. ಮೀಸಲಿಟ್ಟ ಹಣವನ್ನು ಸಾಮಾನ್ಯ ಕಾಮಗಾರಿಗಳಿಗೆ ತಿರುಗಿಸಲು ಆಸ್ಪದ ಕೊಡುತ್ತಿದ್ದ ಅದರ 7(ಡಿ) ಕಲಮನ್ನು 2023ರಲ್ಲಿ ತೆಗೆದುಹಾಕಲಾಯಿತು. ವರ್ಷಗಳ ಕಾಲ ಸದನದ ಒಳಗೂ ಹೊರಗೂ "ಈ ಹಣ ಯಾವ ಕಾಮಗಾರಿಗೆ ಹೋಯಿತು" ಎಂದು ಕೇಳುತ್ತಲೇ ಬಂದದ್ದು ವ್ಯರ್ಥವಾಗಲಿಲ್ಲ.

ಖರ್ಚಾದ ಮೇಲೆ ಕೇಳುವುದಕ್ಕಿಂತ, ಖರ್ಚಿಗೆ ಮುಂಚೆಯೇ ಶಾಸಕರು ತಡೆಯಬಹುದಲ್ಲವೇ?

ಕಾಗದದ ಮೇಲೆ ಆ ಅಧಿಕಾರ ಪೂರ್ಣವಾಗಿದೆ. ಸಂವಿಧಾನದ 203ನೇ ವಿಧಿಯಂತೆ ಪ್ರತಿ ಇಲಾಖೆಯ ಅನುದಾನ ಬೇಡಿಕೆಗೆ ವಿಧಾನಸಭೆ ಒಪ್ಪಿಗೆ ಕೊಡಬೇಕು, ನಿರಾಕರಿಸಲೂಬಹುದು, ಕಡಿಮೆ ಮಾಡಲೂಬಹುದು, ಹೆಚ್ಚಿಸುವಂತಿಲ್ಲ. ನೀತಿಯನ್ನೇ ಒಪ್ಪದಿದ್ದರೆ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಎನ್ನುವ, ನಿರ್ದಿಷ್ಟ ಕುಂದುಕೊರತೆ ಹೇಳಲು ನೂರು ರೂಪಾಯಿ ಕಡಿಮೆ ಮಾಡಿ ಎನ್ನುವ ಕಡಿತ ಸೂಚನೆಗಳಿವೆ. ಸಾಲದ ಬಡ್ಡಿ, ಹೈಕೋರ್ಟ್ ನ್ಯಾಯಮೂರ್ತಿಗಳ ವೇತನ ಮುಂತಾದ ಪ್ರಭೃತ ವೆಚ್ಚವನ್ನು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಮೇಲ್ಮನೆಗೆ ಬೇಡಿಕೆಗಳ ಮೇಲೆ ಮತದ ಹಕ್ಕಿಲ್ಲ, ಆದರೆ ಪ್ರಶ್ನೆಯ ಹಕ್ಕು ಪೂರ್ತಿಯಾಗಿ ಇದೆ.

ವಾಸ್ತವದಲ್ಲಿ ಬಹುಮತದ ಸರ್ಕಾರದ ಬೇಡಿಕೆ ಬೀಳುವುದಿಲ್ಲ, ಸಮಯ ಮುಗಿದಾಗ ಎಷ್ಟೋ ಇಲಾಖೆಗಳ ಬೇಡಿಕೆಗಳು ಚರ್ಚೆಯೇ ಇಲ್ಲದೆ ಒಟ್ಟಿಗೆ ಅಂಗೀಕಾರವಾಗುತ್ತವೆ. ಇದು ನೋವಿನ ಸಂಗತಿ. ಹಾಗಾಗಿಯೇ ಪ್ರಶ್ನೋತ್ತರಕ್ಕೆ ಬೆಲೆ ಹೆಚ್ಚು: ಅಲ್ಲಿ ಬಹುಮತದ ಲೆಕ್ಕ ನಡೆಯುವುದಿಲ್ಲ, ಒಬ್ಬರೇ ಸದಸ್ಯರಿದ್ದರೂ ಉತ್ತರ ಕೊಡಲೇಬೇಕು.

ವರ್ಷದ ನಡುವೆ ಪೂರಕ ಅಂದಾಜು ಎಂದು ಮತ್ತೆ ಹಣ ಕೇಳುತ್ತಾರಲ್ಲ, ಅದೇನು?

ಮೊದಲು ಒಪ್ಪಿದ ಮೊತ್ತ ಸಾಲದಿದ್ದಾಗ ಅಥವಾ ಹೊಸ ಸೇವೆಗೆ ಹಣ ಬೇಕಾದಾಗ 205ನೇ ವಿಧಿಯಂತೆ ಸರ್ಕಾರ ಮತ್ತೆ ಸದನದ ಮುಂದೆ ಬರಬೇಕು. ಕೇಳಬೇಕಾದದ್ದು ಎರಡು: ಇದು ಬಜೆಟ್ ಹೊತ್ತಿನಲ್ಲೇ ಗೊತ್ತಿರಲಿಲ್ಲವೇ, ಮತ್ತು ಇದೇ ಇಲಾಖೆ ಕಳೆದ ವರ್ಷ ಎಷ್ಟು ಹಣವನ್ನು ಖರ್ಚು ಮಾಡದೆ ಹಿಂದಿರುಗಿಸಿತ್ತು?

ಸಿಎಜಿ ವರದಿ ಬಂದ ದಿನ ದೊಡ್ಡ ಸುದ್ದಿಯಾಗುತ್ತದೆ, ಆಮೇಲೆ ಯಾರೂ ಮಾತಾಡುವುದಿಲ್ಲ. ಮುಂದೇನು?

ಸಿಎಜಿ ಎಂದರೆ ಸರ್ಕಾರದ ಲೆಕ್ಕಗಳನ್ನು ತಪಾಸಣೆ ಮಾಡುವ ಮಹಾಲೆಕ್ಕಪರಿಶೋಧಕರು. 151(2)ನೇ ವಿಧಿಯಂತೆ ರಾಜ್ಯದ ಲೆಕ್ಕಗಳ ಕುರಿತ ಅವರ ವರದಿಯನ್ನು ರಾಜ್ಯಪಾಲರಿಗೆ ಸಲ್ಲಿಸಿ, ಅವರ ಮೂಲಕ ಸದನದಲ್ಲಿ ಮಂಡಿಸಲಾಗುತ್ತದೆ. ಅಲ್ಲಿಂದ ಅದು ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ. ಸಮಿತಿ ಇಲಾಖಾ ಕಾರ್ಯದರ್ಶಿಗಳನ್ನು ಕರೆಸಿ, ಕಂಡಿಕೆ ಕಂಡಿಕೆಗೂ ವಿವರಣೆ ಕೇಳಿ, ಸದನಕ್ಕೆ ಶಿಫಾರಸು ಮಾಡುತ್ತದೆ. ಭಾರತದಲ್ಲಿ ಈ ಸಮಿತಿ 1921ರಿಂದ ಇದೆ. ಸಂಸತ್ತಿನಲ್ಲಿ 1967ರಿಂದ ಅಧ್ಯಕ್ಷತೆಯನ್ನು ವಿರೋಧ ಪಕ್ಷದವರಿಗೆ ಕೊಡುವ ಸಂಪ್ರದಾಯ ಬೆಳೆದಿದೆ. ಸಚಿವರು ಇದರ ಸದಸ್ಯರಾಗುವಂತಿಲ್ಲ. ಸಮಿತಿಯ ಕೆಲಸ ಕ್ಯಾಮೆರಾ ಇಲ್ಲದ ಕೋಣೆಯಲ್ಲಿ ನಡೆಯುವುದರಿಂದ ಸುದ್ದಿಯಾಗುವುದು ಕಡಿಮೆ, ಆದರೆ ಅಧಿಕಾರಿಗಳು ನಿಜವಾಗಿ ಹೆದರುವುದು ಆ ಕೋಣೆಗೆ. ಶಿಫಾರಸಿನ ಮೇಲೆ ಕ್ರಮವಾಗಿದೆಯೇ ಎಂದು ಆನಂತರ ಪ್ರಶ್ನೋತ್ತರದಲ್ಲಿ ಕೇಳುವ ಶಾಸಕರು ಮಾತ್ರ ಇನ್ನೂ ಹೆಚ್ಚಾಗಬೇಕು.

ಉದ್ಯೋಗದ ಲೆಕ್ಕ

ಖಾಲಿ ಹುದ್ದೆ ಎಷ್ಟು ಎಂದು ಕೇಳಿದರೆ ಪ್ರತಿ ಸಲ ಬೇರೆ ಸಂಖ್ಯೆ ಬರುತ್ತದೆ. ಯಾವುದನ್ನು ನಂಬುವುದು?

ಸಂಖ್ಯೆಯ ಜೊತೆಗೆ ದಿನಾಂಕ ಮತ್ತು ವ್ಯಾಪ್ತಿ ಇದ್ದರೆ ನಂಬಬಹುದು. ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇವೆ ಎಂಬುದು ಈಚಿನ ವರ್ಷಗಳಲ್ಲಿ ಸದನದಲ್ಲೇ ಬಂದ ಮಾತು. ಅದರಲ್ಲಿ ನಿಗಮ, ಮಂಡಳಿ, ವಿಶ್ವವಿದ್ಯಾಲಯಗಳು ಸೇರಿವೆಯೇ, ಅನುದಾನಿತ ಶಾಲೆಗಳು ಸೇರಿವೆಯೇ, ಬಡ್ತಿಯಿಂದ ತುಂಬಬೇಕಾದ ಹುದ್ದೆಗಳನ್ನು ನೇರ ನೇಮಕಾತಿಯ ಹುದ್ದೆಗಳೊಂದಿಗೆ ಕೂಡಿಸಲಾಗಿದೆಯೇ ಎಂಬುದರ ಮೇಲೆ ಮೊತ್ತ ಸಾವಿರಗಟ್ಟಲೆ ಏರಿಳಿಯುತ್ತದೆ. ಪರೀಕ್ಷೆಗೆ ಓದುತ್ತಿರುವವರಿಗೆ ಬೇಕಾದದ್ದು ನೇರ ನೇಮಕಾತಿಯ ಸಂಖ್ಯೆ ಮಾತ್ರ.

ಕೇಂದ್ರದಲ್ಲಿ 2022ರ ಜುಲೈನಲ್ಲಿ ಬಂದ ಉತ್ತರಗಳು ನೆನಪಿಡುವಂಥವು. 2021ರ ಮಾರ್ಚ್ 1ಕ್ಕೆ ಇದ್ದಂತೆ ಕೇಂದ್ರ ಸರ್ಕಾರದಲ್ಲಿ ಮಂಜೂರಾದ 40.35 ಲಕ್ಷ ಹುದ್ದೆಗಳಲ್ಲಿ 9.79 ಲಕ್ಷ ಖಾಲಿ ಇದ್ದವು. 2014-15ರಿಂದ 2021-22ರವರೆಗೆ ಕೇಂದ್ರ ಸರ್ಕಾರದ ಉದ್ಯೋಗಕ್ಕೆ ಬಂದ ಅರ್ಜಿಗಳು 22.05 ಕೋಟಿ, ನೇಮಕಕ್ಕೆ ಶಿಫಾರಸಾದವರು 7.22 ಲಕ್ಷ. ಯಾವ ಭಾಷಣವೂ ಹೇಳಲಾಗದ್ದನ್ನು ಈ ಎರಡು ಸಾಲುಗಳ ಲಿಖಿತ ಉತ್ತರ ಹೇಳಿತು.

ಖಾಲಿ ಇದೆ ಎಂದು ಸಚಿವರೇ ಒಪ್ಪಿಕೊಳ್ಳುತ್ತಾರೆ. ಮತ್ತೆ ಭರ್ತಿ ಮಾಡಲು ಏನು ಅಡ್ಡಿ?

ಅಡ್ಡಿಗಳು ಹಲವು, ಮತ್ತು ಯಾವ ಹಂತದಲ್ಲಿ ಕಡತ ನಿಂತಿದೆ ಎಂದು ಕೇಳದಿದ್ದರೆ ಅವು ಹೊರಬರುವುದೇ ಇಲ್ಲ. ಹುದ್ದೆ ಮಂಜೂರಾಗಿದ್ದರೂ ತುಂಬಲು ಆರ್ಥಿಕ ಇಲಾಖೆಯ ಸಹಮತಿ ಬೇಕು. ವೃಂದ ಮತ್ತು ನೇಮಕಾತಿ ನಿಯಮಗಳಿಗೆ ತಿದ್ದುಪಡಿ ಆಗಬೇಕಿದ್ದರೆ ಅದು ಮುಗಿಯಬೇಕು. ಯಾವ ಹುದ್ದೆ ಯಾವ ವರ್ಗಕ್ಕೆ ಎಂದು ಹೇಳುವ ಸರದಿಪಟ್ಟಿಯ (ರೋಸ್ಟರ್) ಪ್ರಕಾರ ಮೀಸಲಾತಿ ವರ್ಗೀಕರಣವಾಗಬೇಕು. ಆಮೇಲೆ ಪ್ರಸ್ತಾವನೆ ಕರ್ನಾಟಕ ಲೋಕಸೇವಾ ಆಯೋಗಕ್ಕೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೋ ಹೋಗಬೇಕು. ನಂತರ ಪರೀಕ್ಷೆ, ಆಯ್ಕೆಪಟ್ಟಿ, ಆಕ್ಷೇಪಣೆ, ನ್ಯಾಯಾಲಯ.

ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳೊಳಗೇ ಹಂಚುವ ಒಳಮೀಸಲಾತಿಗೆ ಅವಕಾಶ ನೀಡಿದ 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ, ಒಳಮೀಸಲಾತಿ ಕುರಿತ ಆಯೋಗದ ವರದಿ ಬರುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸದಿರಲು ರಾಜ್ಯ ಸಂಪುಟ ಅದೇ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಕಾರಣ ನ್ಯಾಯವಾದದ್ದೇ, ದಶಕಗಳಿಂದ ಕಾಯ್ದ ಸಮುದಾಯಗಳಿಗೆ ಅದು ಸಲ್ಲಬೇಕಾದದ್ದೇ. ಆದರೆ ಕಾದು ಕಾದು ವಯೋಮಿತಿ ಮೀರಿದವರ ಗತಿಯೇನು ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಭ್ಯರ್ಥಿಗಳ ಪಾಲಿಗೆ ಕಳೆದುಹೋದ ಆ ಎರಡು ವರ್ಷಗಳ ಲೆಕ್ಕ ಯಾವ ಆಯವ್ಯಯದಲ್ಲೂ ಬರುವುದಿಲ್ಲ.

ಹುದ್ದೆ ಖಾಲಿ ಬಿಟ್ಟರೆ ಸರ್ಕಾರಕ್ಕೆ ದುಡ್ಡು ಉಳಿಯುತ್ತದೆಯೇ?

ಮೇಲ್ನೋಟಕ್ಕೆ ಹೌದು. ಆದರೆ ಕೆಲಸ ನಿಲ್ಲುವುದಿಲ್ಲವಾದ್ದರಿಂದ ಅತಿಥಿ ಶಿಕ್ಷಕರು, ಅತಿಥಿ ಉಪನ್ಯಾಸಕರು, ಹೊರಗುತ್ತಿಗೆ ಡಾಟಾ ಎಂಟ್ರಿ ಆಪರೇಟರುಗಳು, ಗುತ್ತಿಗೆ ಶುಶ್ರೂಷಕರು ಬರುತ್ತಾರೆ. ಅವರ ವೆಚ್ಚ ವೇತನದ ಲೆಕ್ಕಶೀರ್ಷಿಕೆಯಲ್ಲೇ ಕಾಣಬೇಕೆಂದಿಲ್ಲ, ಗೌರವಧನ ಅಥವಾ ಇತರೆ ವೆಚ್ಚವೆಂದು ಬೇರೆಡೆ ಸೇರಿಬಿಡಬಹುದು. ಖರ್ಚಿನ ಪ್ರಶ್ನೆಯನ್ನೂ ಉದ್ಯೋಗದ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ಕೇಳುವುದರಿಂದಲೇ ಈ ಸಂಗತಿ ಮರೆಯಾಗಿ ಉಳಿಯುತ್ತದೆ. ಒಂದು ಇಲಾಖೆಯಲ್ಲಿ ಖಾಲಿ ಹುದ್ದೆಗಳೆಷ್ಟು, ಅವುಗಳ ವೇತನಕ್ಕೆಂದು ಒದಗಿಸಿದ ಹಣದಲ್ಲಿ ಉಳಿದದ್ದೆಷ್ಟು, ಅದೇ ವರ್ಷ ಹೊರಗುತ್ತಿಗೆ ಏಜೆನ್ಸಿಗಳಿಗೆ ಪಾವತಿಸಿದ್ದೆಷ್ಟು, ಅದರಲ್ಲಿ ನೌಕರರ ಕೈಗೆ ತಲುಪಿದ್ದೆಷ್ಟು, ಭವಿಷ್ಯನಿಧಿ ಕಟ್ಟಲಾಗಿದೆಯೇ ಎಂಬುದನ್ನು ಒಂದೇ ಪ್ರಶ್ನೆಯ ಉಪಭಾಗಗಳಾಗಿ ಕೇಳಿದಾಗ ಪೂರ್ಣ ಚಿತ್ರ ಸಿಗುತ್ತದೆ. ಶಾಸಕರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಇದೇ ಎಂದು ನಾವು ನಂಬುತ್ತೇವೆ.

"ಇಷ್ಟು ಲಕ್ಷ ಉದ್ಯೋಗ ಸೃಷ್ಟಿಸಿದ್ದೇವೆ" ಎಂದರೆ ಅದನ್ನು ಒರೆಗೆ ಹಚ್ಚುವುದು ಹೇಗೆ?

ಯಾವ ಅಳತೆಗೋಲು ಎಂದು ಮೊದಲು ಕೇಳಬೇಕು. ಹೂಡಿಕೆದಾರರ ಸಮಾವೇಶದಲ್ಲಿ ಘೋಷಿಸುವುದು ನಿರೀಕ್ಷಿತ ಉದ್ಯೋಗ. 2025ರ ಫೆಬ್ರವರಿಯ ಸಮಾವೇಶದಲ್ಲಿ ರಾಜ್ಯಕ್ಕೆ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂತು ಎಂದು ಸರ್ಕಾರ ಹೇಳಿತು. ಅದರಲ್ಲಿ ಎಷ್ಟು ಯೋಜನೆಗಳಿಗೆ ಜಮೀನು ಹಂಚಿಕೆಯಾಗಿದೆ, ಎಷ್ಟು ಉತ್ಪಾದನೆ ಆರಂಭಿಸಿವೆ, ಎಷ್ಟು ಜನ ಹಾಜರಿ ಪುಸ್ತಕದಲ್ಲಿದ್ದಾರೆ, ಅವರಲ್ಲಿ ಸ್ಥಳೀಯರೆಷ್ಟು ಎಂದು ವರ್ಷವರ್ಷವೂ ಕೇಳಬೇಕು. ಭವಿಷ್ಯನಿಧಿ ಸಂಸ್ಥೆಯ ಅಂಕಿಅಂಶ ಔಪಚಾರಿಕ ಪಟ್ಟಿಗೆ ಸೇರಿದವರದು; ಹಳೆಯ ಕೆಲಸದಲ್ಲೇ ಇದ್ದು ಹೊಸದಾಗಿ ನೋಂದಣಿಯಾದವರೂ ಅದರಲ್ಲಿ ಇರುತ್ತಾರೆ. 2017ರಿಂದ ನಡೆಯುತ್ತಿರುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ವಾರದ ಮಾಪನದಲ್ಲಿ ಆ ವಾರ ಒಂದು ಗಂಟೆ ದುಡಿದವರೂ ಉದ್ಯೋಗಿಗಳೇ, ಸಂಬಳವಿಲ್ಲದೆ ಮನೆಯ ಹೊಲದಲ್ಲಿ, ಅಂಗಡಿಯಲ್ಲಿ ದುಡಿಯುವವರೂ ಉದ್ಯೋಗಿಗಳೇ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಎಣಿಸುವುದು ಮಾನವದಿನಗಳನ್ನು. ಇವುಗಳಲ್ಲಿ ಯಾವುದೂ ಸುಳ್ಳಲ್ಲ, ಆದರೆ ಒಂದನ್ನು ಇನ್ನೊಂದೆಂದು ಹೇಳಿದರೆ ಸುಳ್ಳಾಗುತ್ತದೆ.

ಕಲ್ಯಾಣ ಕರ್ನಾಟಕದ ಹುದ್ದೆಗಳನ್ನು ಬೇರೆಯಾಗಿ ಕೇಳಬೇಕೇ?

ಕೇಳಲೇಬೇಕು. 2012ರ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಯಂತೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಸ್ಥಳೀಯ ವೃಂದದ ಮೀಸಲಾತಿ ಇದೆ. ಪ್ರದೇಶದ ಅಭಿವೃದ್ಧಿ ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂದೂ ಅದೇ ವಿಧಿ ಹೇಳುತ್ತದೆ. ರಾಜ್ಯದ ಒಟ್ಟು ಸಂಖ್ಯೆಯೊಳಗೆ ಈ ಜಿಲ್ಲೆಗಳ ಕೊರತೆ ಕಾಣದಂತಾಗಿಬಿಡುತ್ತದೆ.

ಇನ್ನಷ್ಟು ಆಳಕ್ಕೆ

ಸಚಿವರು ನುಣುಚಿಕೊಳ್ಳಲಾಗದಂಥ ಪ್ರಶ್ನೆಯನ್ನು ಹೇಗೆ ಬರೆಯುವುದು?

ಉತ್ತರದ ಹಾಳೆಯನ್ನೇ ನೋಡೋಣ. ಮೇಲೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಕಾಲಂ: ಎಡಕ್ಕೆ ಅ, ಆ, ಇ, ಈ ಎಂದು ಪ್ರಶ್ನೆಯ ಭಾಗಗಳು, ಬಲಕ್ಕೆ ಅವಕ್ಕೆ ಉತ್ತರ. ಕೊನೆಯಲ್ಲಿ ಕಡತ ಸಂಖ್ಯೆ ಮತ್ತು ಸಹಿ. ಎಡಗಡೆ "(ಅ) ರಾಜ್ಯದಲ್ಲಿ ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಎಂದಿದ್ದರೆ, ಬಲಗಡೆ "ಬಂದಿದೆ" ಎಂದೂ "ಹಂತಹಂತವಾಗಿ ಭರ್ತಿ ಮಾಡಲು ಕ್ರಮ ವಹಿಸಲಾಗುತ್ತಿದೆ" ಎಂದೂ ಬರೆದು ಮುಗಿಸಬಹುದು. "ಬಂದಿಲ್ಲ" ಎಂದುಬಿಟ್ಟರೆ ಮುಂದಿನದಕ್ಕೆಲ್ಲ "ಉದ್ಭವಿಸುವುದಿಲ್ಲ".

ಅದೇ ವಿಷಯವನ್ನು ಹೀಗೆ ಕೇಳಿದರೆ: "(ಅ) ಕಳೆದ ಮಾರ್ಚ್ 31ಕ್ಕೆ ಇದ್ದಂತೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಸಹಶಿಕ್ಷಕರ ಹುದ್ದೆಗಳೆಷ್ಟು? (ತಾಲ್ಲೂಕುವಾರು, ವಿಷಯವಾರು ವಿವರ ನೀಡುವುದು) (ಆ) ಇವುಗಳಲ್ಲಿ ಆರ್ಥಿಕ ಇಲಾಖೆಯ ಸಹಮತಿ ದೊರೆತ ಹುದ್ದೆಗಳೆಷ್ಟು, ಯಾವ ದಿನಾಂಕದಂದು? (ಇ) ಸಹಮತಿ ದೊರೆತೂ ಅಧಿಸೂಚನೆ ಹೊರಡಿಸದಿರಲು ಕಾರಣವೇನು? (ಈ) ಕಳೆದ ಮೂರು ವರ್ಷಗಳಲ್ಲಿ ಅತಿಥಿ ಶಿಕ್ಷಕರ ಗೌರವಧನಕ್ಕೆ ಬಿಡುಗಡೆಯಾದ ಮತ್ತು ವೆಚ್ಚವಾದ ಮೊತ್ತವೆಷ್ಟು?" ಇಲ್ಲಿ ಹೌದು, ಇಲ್ಲ ಎನ್ನಲು ಜಾಗವೇ ಇಲ್ಲ. ಸಂಖ್ಯೆ ಕೊಡಬೇಕು, ದಿನಾಂಕ ಕೊಡಬೇಕು, ಇಲ್ಲವೇ ಮಾಹಿತಿ ಇಲ್ಲವೆಂದು ಬರಹದಲ್ಲಿ ಒಪ್ಪಿಕೊಳ್ಳಬೇಕು. ಹಿಂದಿನ ಅಧಿವೇಶನದ ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡು, ಅಂದಿನ ಸಂಖ್ಯೆಗೂ ಇಂದಿನ ಸಂಖ್ಯೆಗೂ ಇರುವ ವ್ಯತ್ಯಾಸದ ಮೇಲೆ ಉಪಪ್ರಶ್ನೆ ಕೇಳುವ ಶಾಸಕರನ್ನು ಎಲ್ಲ ಪಕ್ಷದ ಸಚಿವರೂ ಗೌರವದಿಂದ ಕಾಣುತ್ತಾರೆ.

"ಪರಿಶೀಲನೆಯಲ್ಲಿದೆ" ಎಂದು ಹೇಳಿ ಕೂತುಬಿಟ್ಟರೆ ಏನು ಮಾಡುವುದು?

ಸದನದಲ್ಲಿ ಸಚಿವರು ಹೇಳುವ "ಪರಿಶೀಲಿಸಲಾಗುವುದು", "ಮಾಹಿತಿ ಸಂಗ್ರಹಿಸಿ ಒದಗಿಸಲಾಗುವುದು", "ಕ್ರಮ ಕೈಗೊಳ್ಳಲಾಗುವುದು" ಎಂಬ ಮಾತುಗಳು ಭರವಸೆಗಳಾಗಿ ದಾಖಲಾಗುತ್ತವೆ. ಅವು ಈಡೇರಿವೆಯೇ ಎಂದು ನೋಡಲು ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಇದು 1953ರಿಂದ ಇದೆ, ಅಲ್ಲಿ ಮೂರು ತಿಂಗಳೊಳಗೆ ಭರವಸೆ ಈಡೇರಿಸಬೇಕೆಂಬ ಗಡುವು ಇದೆ. ಗಡುವು ಮೀರುವುದೇ ಹೆಚ್ಚು. ಆದರೂ ಪಟ್ಟಿಯಲ್ಲಿ ಉಳಿದ ಭರವಸೆಯನ್ನು ಇಲಾಖೆ ಮರೆಯಲಾಗುವುದಿಲ್ಲ. ಸಮಿತಿಯಿಂದ ನೆನಪೋಲೆ ಬರುತ್ತಲೇ ಇರುತ್ತದೆ.

ಸಚಿವರು ತಪ್ಪು ಮಾಹಿತಿ ಕೊಟ್ಟರೆ?

ಗೊತ್ತಿಲ್ಲದೆ ಆದ ತಪ್ಪನ್ನು ಸಚಿವರು ಸದನದಲ್ಲಿ ಹೇಳಿಕೆ ನೀಡಿ ತಿದ್ದಬೇಕು. ಗೊತ್ತಿದ್ದೂ ಸದನದ ದಾರಿತಪ್ಪಿಸಿದ್ದರೆ ಅದು ಹಕ್ಕುಚ್ಯುತಿ. ಸದಸ್ಯರು ಸೂಚನೆ ನೀಡಿದರೆ ಸಭಾಧ್ಯಕ್ಷರು ಅದನ್ನು ಹಕ್ಕುಬಾಧ್ಯತಾ ಸಮಿತಿಗೆ ಒಪ್ಪಿಸಬಹುದು. ಉದ್ದೇಶಪೂರ್ವಕ ಎಂಬುದನ್ನು ತೋರಿಸುವುದು ಸುಲಭವಲ್ಲ. ಆದ್ದರಿಂದ ಉತ್ತರವನ್ನು ಇಲಾಖೆಯದೇ ಆದೇಶ, ಬಜೆಟ್ ಪುಸ್ತಕ, ಸಿಎಜಿ ವರದಿಗಳ ಪಕ್ಕಕ್ಕಿಟ್ಟು ತೋರಿಸುವುದು ಆರೋಪಕ್ಕಿಂತ ಬಲವಾದ ದಾರಿ.

ದುಡ್ಡು ತೆಗೆದುಕೊಂಡು ಪ್ರಶ್ನೆ ಕೇಳುವವರೂ ಇದ್ದಾರಂತೆ, ನಿಜವೇ?

ಅಂಥದ್ದು ನಡೆದಿದೆ, ಶಿಕ್ಷೆಯೂ ಆಗಿದೆ. ಪ್ರಶ್ನೆ ಕೇಳಲು ಹಣ ಪಡೆದ ಆರೋಪದ ಮೇಲೆ 2005ರ ಡಿಸೆಂಬರಿನಲ್ಲಿ ಲೋಕಸಭೆಯ ಹತ್ತು ಮತ್ತು ರಾಜ್ಯಸಭೆಯ ಒಬ್ಬ ಸದಸ್ಯರನ್ನು ಉಚ್ಚಾಟಿಸಲಾಯಿತು. 2007ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು.

ಗದ್ದಲದಿಂದ ಸದನ ಮುಂದೂಡಿದರೆ ಆ ದಿನದ ಪ್ರಶ್ನೆಗಳು ಏನಾಗುತ್ತವೆ?

ಲಿಖಿತ ಉತ್ತರಗಳು ಮಂಡನೆಯಾದವೆಂದೇ ಪರಿಗಣನೆಯಾಗುತ್ತವೆ, ಆದ್ದರಿಂದ ಅಂಕಿಅಂಶ ನಷ್ಟವಾಗುವುದಿಲ್ಲ. ನಷ್ಟವಾಗುವುದು ಉಪಪ್ರಶ್ನೆ. ಸಚಿವರು ಸಿದ್ಧಪಡಿಸಿಕೊಂಡು ಬಂದ ಉತ್ತರವನ್ನು ಓದುವುದು ಸುಲಭ. ಅದರ ಬೆನ್ನಿಗೆ ಬರುವ ಅನಿರೀಕ್ಷಿತ ಪ್ರಶ್ನೆಯಲ್ಲೇ ಅವರಿಗೆ ಇಲಾಖೆಯ ಮೇಲಿರುವ ಹಿಡಿತ ಗೊತ್ತಾಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಕಾರಣಕ್ಕೆ ಸಂಸತ್ತಿನಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟು ಲಿಖಿತ ಉತ್ತರಕ್ಕೆ ಮಾತ್ರ ಅವಕಾಶ ಕೊಟ್ಟಾಗ ವಿರೋಧ ಬಂದದ್ದು ಇದೇ ಕಾರಣಕ್ಕೆ. ಸರ್ಕಾರದ ಮೇಲಿನ ಸಿಟ್ಟಿನಿಂದ ವಿರೋಧ ಪಕ್ಷವೇ ಸದನದ ಬಾವಿಗಿಳಿದು ಪ್ರಶ್ನೋತ್ತರವನ್ನು ಕಳೆದರೆ, ಆ ದಿನ ನೆಮ್ಮದಿಯಿಂದ ಮನೆಗೆ ಹೋಗುವವರು ಸಚಿವರೇ.

ನಾನು ಶಾಸಕನಲ್ಲ. ನನ್ನ ಪ್ರಶ್ನೆ ಸದನಕ್ಕೆ ಹೋಗಲು ದಾರಿ ಇದೆಯೇ?

ಇದೆ. ಅಧಿವೇಶನ ಕರೆದ ಸುದ್ದಿ ಬಂದ ಕೂಡಲೇ, ಸೂಚನೆಯ ಗಡುವು ಮುಗಿಯುವ ಮೊದಲು, ನಿಮ್ಮ ಕ್ಷೇತ್ರದ ಶಾಸಕರಿಗೆ ಅಥವಾ ನಿಮ್ಮ ಭಾಗದ ಪದವೀಧರ, ಶಿಕ್ಷಕ ಕ್ಷೇತ್ರಗಳ ಪರಿಷತ್ ಸದಸ್ಯರಿಗೆ ಪ್ರಶ್ನೆಯನ್ನು ಅ, ಆ, ಇ ಎಂದು ವಿಂಗಡಿಸಿ ಒಂದೇ ಪುಟದಲ್ಲಿ ಬರೆದು ಕೊಡಿ. ದೂರು ಬರೆದುಕೊಟ್ಟರೆ ಅದು ಕಡತ ಸೇರುತ್ತದೆ. ಸಿದ್ಧ ಪ್ರಶ್ನೆ ಕೊಟ್ಟರೆ ಅವರ ಆಪ್ತ ಸಹಾಯಕರು ನೇರವಾಗಿ ಸದನದ ಸಚಿವಾಲಯಕ್ಕೆ ಕಳಿಸಬಹುದು. ಆಡಳಿತ ಪಕ್ಷದವರು ಹಿಂಜರಿದರೆ ವಿರೋಧ ಪಕ್ಷದವರನ್ನು, ಅವರೂ ಹಿಂಜರಿದರೆ ಮೇಲ್ಮನೆಯವರನ್ನು ಕೇಳಿ. ಕೊಡುವ ಮುನ್ನ ವಿಧಾನಸಭೆಯ ಜಾಲತಾಣದಲ್ಲಿರುವ ಹಿಂದಿನ ಪ್ರಶ್ನೋತ್ತರಗಳನ್ನು ಹುಡುಕಿ, ಅದೇ ಪ್ರಶ್ನೆಗೆ ಉತ್ತರ ಬಂದಿದೆಯೇ ನೋಡಿ. ಬಂದಿದ್ದರೆ ಆ ಉತ್ತರದ ಸಂಖ್ಯೆ ಮತ್ತು ದಿನಾಂಕವನ್ನು ನಮೂದಿಸಿ, ಅಲ್ಲಿಂದ ಮುಂದಕ್ಕೆ ಕೇಳಿ. ಮಾಹಿತಿ ಹಕ್ಕು ಕಾಯ್ದೆಯಡಿ 30 ದಿನಗಳ ಗಡುವಿನಲ್ಲಿ ಸಿಗುವ ಕಚೇರಿ ಮಟ್ಟದ ಮಾಹಿತಿಯನ್ನು ಮೊದಲೇ ಪಡೆದು ಲಗತ್ತಿಸಿದರೆ ಶಾಸಕರಿಗೆ ಉಪಪ್ರಶ್ನೆಗೂ ಸರಕು ಸಿಗುತ್ತದೆ. ಉತ್ತರ ಬಂದ ದಿನ ಅದರ ಪ್ರತಿಯನ್ನು ಕೇಳಿ ಪಡೆದು, ಅನುಬಂಧದಲ್ಲಿ ನಿಮ್ಮ ತಾಲ್ಲೂಕಿನ ಎದುರು ಬರೆದಿರುವ ಸಂಖ್ಯೆಯನ್ನು ಅಲ್ಲಿನ ಶಾಲೆ, ಆಸ್ಪತ್ರೆ, ಕಚೇರಿಗೆ ಹೋಗಿ ತಾಳೆ ನೋಡಿ. ವ್ಯತ್ಯಾಸ ಕಂಡರೆ ಮುಂದಿನ ಅಧಿವೇಶನದ ಪ್ರಶ್ನೆ ಅದೇ.